ವಯಸ್ಸಿನ ಬೆಲೆ, ಕೀಲಿಕೈಯ ಹೊಣೆ



ದಾವಣಗೆರೆಯ ಹಿರಿಯ ಓದುಗರೊಬ್ಬರು ನಮಗೆ ಒಂದು ದೀರ್ಘ ಪತ್ರ ಬರೆದಿದ್ದಾರೆ. ಅವರು ನಿವೃತ್ತ ಶಿಕ್ಷಕರು, ವಯಸ್ಸು 71. ಕಿರಿಯ ಮಗ ಅಮೆರಿಕದ ನ್ಯೂ ಜೆರ್ಸಿ ರಾಜ್ಯದಲ್ಲಿ ನೆಲೆಸಿದ್ದಾರೆ. ಅಲ್ಲಿರುವ ಮೊಮ್ಮಗಳಿಗೆ 17 ತುಂಬಿ, ಕಾರು ಓಡಿಸುವ ಪರವಾನಿಗೆ ಬಂದಿತಂತೆ. ಮನೆಯವರೆಲ್ಲ ಸಂತೋಷಪಡುವಷ್ಟರಲ್ಲಿ ವಿಮಾ ಕಂಪನಿಯಿಂದ ಹೊಸ ಲೆಕ್ಕದ ಕಾಗದವೂ ಬಂದಿತು. ಮಗಳ ಹೆಸರು ಸೇರಿದ್ದೇ ತಡ, ಮನೆಯ ಕಾರುಗಳ ವಿಮಾ ಕಂತು ತಂದೆ ಎಣಿಸಿದ್ದಕ್ಕಿಂತ ಬಹಳ ಮೇಲೇರಿತ್ತು.

ಹಿರಿಯರ ಪ್ರಶ್ನೆ ಹೀಗಿದೆ: “ಇನ್ನೂ ಯಾರಿಗೂ ಒಂದು ಗೀರು ತಾಗಿಸದ ಹುಡುಗಿಗೆ ಮುಂಗಡ ದಂಡವೇ? ಇಲ್ಲಿ 71ರ ಮುದುಕನಾದ ನಾನು ಪ್ರತಿ ವರ್ಷ ನನ್ನ ಕಾರಿನ ವಿಮೆ ನವೀಕರಿಸುತ್ತೇನೆ. ನನ್ನ ವಯಸ್ಸಿಗಾಗಿ ಯಾರೂ ಒಂದು ರೂಪಾಯಿ ಹೆಚ್ಚು ಕೇಳಿದ್ದಿಲ್ಲ. ಯಾವ ಪದ್ಧತಿ ನ್ಯಾಯವಾದದ್ದು?”

ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ, ಇನ್ನೊಂದು ಸಾಲಿದೆ: “ಇಲ್ಲಿಯ ಮೊಮ್ಮಗ ದ್ವಿತೀಯ ಪಿಯುಸಿ. ಟ್ಯೂಷನ್ನಿಗೆ ಆಗಾಗ ನನ್ನ ಕಾರನ್ನೇ ಒಯ್ಯುತ್ತಾನೆ. ನನಗಿಂತ ಚೆನ್ನಾಗಿ ಓಡಿಸುತ್ತಾನೆ.”

ಮೊದಲು ಪ್ರಶ್ನೆಗೆ ಉತ್ತರ ಹೇಳಿ, ಬಳಿಕ ಆ ಕೊನೆಯ ಸಾಲಿಗೆ ಬರುತ್ತೇವೆ.

ವಿಮೆಯೆಂಬುದು ನಮ್ಮ ಹಿರಿಯರಿಗೆ ಅಪರಿಚಿತವಾದ ತತ್ವವೇನಲ್ಲ. ಮದುವೆ ಮನೆಯಲ್ಲಿ ಮುಯ್ಯಿ ಬರೆಸುವ ಪದ್ಧತಿಯನ್ನು ನೆನೆಯಿರಿ. ಇಂದು ಒಬ್ಬರ ಮನೆಗೆ ನಾವೆಲ್ಲ ಸ್ವಲ್ಪ ಸ್ವಲ್ಪ ಕೊಡುತ್ತೇವೆ; ನಾಳೆ ನಮ್ಮ ಮನೆಯ ಖರ್ಚಿನ ದಿನ ಅದೇ ಊರು ನಮ್ಮ ಬೆನ್ನಿಗೆ ನಿಲ್ಲುತ್ತದೆ. ವಿಮೆಯೂ ಅಷ್ಟೆ: ಲಕ್ಷಾಂತರ ಜನರು ಒಂದು ಬೊಕ್ಕಸಕ್ಕೆ ಹಾಕಿದ ಹಣದಿಂದ, ಕಷ್ಟಕ್ಕೆ ಸಿಲುಕಿದ ಕೆಲವರ ನಷ್ಟ ತುಂಬುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ಮುಯ್ಯಿಯಲ್ಲಿ ಬಾಂಧವ್ಯದ ಲೆಕ್ಕ. ವಿಮೆಯಲ್ಲಿ ಸಂಭವದ ಲೆಕ್ಕ. ಯಾರಿಂದ ಬೊಕ್ಕಸಕ್ಕೆ ಹೆಚ್ಚು ಖರ್ಚು ಬರುವ ಸಂಭವವಿದೆಯೋ ಅವರಿಂದ ಹೆಚ್ಚು ಕೇಳುವುದು ವಿಮಾ ಕಂಪನಿಯ ನಿಯಮ.

ಅಮೆರಿಕದಲ್ಲಿ ಈ ಸಂಭವವನ್ನು ಅಳೆಯುವ ಮುಖ್ಯವಾದ ಅಳತೆಗೋಲುಗಳಲ್ಲಿ ಚಾಲಕರ ವಯಸ್ಸೂ ಒಂದು. ಅಲ್ಲಿ 16ರಿಂದ 19 ವರ್ಷದ ಚಾಲಕರು ಮಾರಣಾಂತಿಕ ಅಪಘಾತಕ್ಕೆ ಸಿಲುಕುವ ಪ್ರಮಾಣವು, ಕ್ರಮಿಸಿದ ಪ್ರತಿ ಮೈಲಿಗೆ ಹೋಲಿಸಿದಾಗ, 20 ದಾಟಿದವರ ಪ್ರಮಾಣದ ಸುಮಾರು ಮೂರು ಪಟ್ಟು ಇದೆ. ಇದಕ್ಕೆ ಎರಡು ಕಾರಣಗಳು. ಒಂದು, ಅನುಭವದ ಕೊರತೆ: ಎದುರಿನ ವಾಹನದ ವೇಗವೆಷ್ಟು, ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕ್ ಎಲ್ಲಿ ಹಿಡಿಯಬೇಕು ಎಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಎರಡು, ವಯೋಸಹಜವಾದ ದುಡುಕು: ಜೊತೆಯಲ್ಲಿ ಗೆಳೆಯರು ಕುಳಿತಾಗ, ರಾತ್ರಿಯ ಹೊತ್ತಿನಲ್ಲಿ, ಅಪಾಯ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಹದಿಹರೆಯದಲ್ಲಿ ಕಂತು ಶಿಖರದಲ್ಲಿರುತ್ತದೆ. ವರ್ಷ ಕಳೆದಂತೆ ಇಳಿಯುತ್ತ, 25ರ ಹೊತ್ತಿಗೆ ಸಾಕಷ್ಟು ತಗ್ಗುತ್ತದೆ. ನಡುವಯಸ್ಸಿನಲ್ಲಿ ತಳ ಮುಟ್ಟಿ, 70ರ ಆಚೆಗೆ ಮತ್ತೆ ಏರತೊಡಗುತ್ತದೆ. ದೃಷ್ಟಿ ಮಂದವಾಗುವುದು, ಕೈಕಾಲಿನ ಚುರುಕು ಕುಂದುವುದು, ಸಣ್ಣ ಪೆಟ್ಟನ್ನೂ ವೃದ್ಧ ದೇಹ ತಾಳಲಾರದಿರುವುದು ಈ ಏರಿಕೆಗೆ ಕಾರಣ. ನಮ್ಮ ಪತ್ರಲೇಖಕರು ಮಗನೊಡನೆ ಅಲ್ಲಿಯೇ ಇದ್ದು ಕಾರು ಓಡಿಸುತ್ತಿದ್ದರೆ, ಮೊಮ್ಮಗಳಷ್ಟಲ್ಲದಿದ್ದರೂ ಅವರ ವಯಸ್ಸಿಗೂ ಒಂದು ಬೆಲೆ ಬೀಳುತ್ತಿತ್ತು.

ಈ ಲೆಕ್ಕ ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಅಮೆರಿಕದ್ದೇ ಆದ ಹವಾಯಿ ರಾಜ್ಯವು ಚಾಲಕರ ವಯಸ್ಸು, ಗಂಡು-ಹೆಣ್ಣೆಂಬ ಭೇದ ಇವುಗಳ ಮೇಲೆ ಕಾರು ವಿಮೆಯ ದರ ಕಟ್ಟುವುದನ್ನು ನಿಷೇಧಿಸಿದೆ. ಯುರೋಪಿನ ನ್ಯಾಯಾಲಯವು 2011ರಲ್ಲಿ ಕೊಟ್ಟ ತೀರ್ಪಿನಂತೆ, 2012ರ ಡಿಸೆಂಬರ್ 21ರಿಂದ ಯುರೋಪ್ ಒಕ್ಕೂಟದ ದೇಶಗಳಲ್ಲಿ ಹೊಸ ವಿಮೆಗೆ ಗಂಡು-ಹೆಣ್ಣಿಗೆ ಬೇರೆ ಬೇರೆ ದರ ಹಾಕುವಂತಿಲ್ಲ. ವಯಸ್ಸಿನ ಭೇದಕ್ಕೆ ಮಾತ್ರ ಅಡ್ಡಿಯಾಗಲಿಲ್ಲ. ಒಬ್ಬ ವ್ಯಕ್ತಿಯನ್ನು ಆತನ ನಡತೆಯಿಂದ ಅಳೆಯಬೇಕೇ, ಆತ ಸೇರಿದ ಗುಂಪಿನಿಂದ ಅಳೆಯಬೇಕೇ ಎಂಬ ಹಳೆಯ ಪ್ರಶ್ನೆ ಇಲ್ಲಿದೆ. ಹುಟ್ಟಿನಿಂದ ಮನುಷ್ಯನ ಯೋಗ್ಯತೆಯನ್ನು ಅಳೆಯಬಾರದೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಶರಣರ ಪರಂಪರೆಯ ನಮಗೆ ಈ ಪ್ರಶ್ನೆ ಹೊಸದಲ್ಲ. ಆದರೆ ವಯಸ್ಸು ಜಾತಿಯಂತಲ್ಲ. ಎಲ್ಲರೂ ಒಂದು ಕಾಲಕ್ಕೆ 17ರವರಾಗಿದ್ದೆವು. ಬದುಕಿದ್ದರೆ ಎಲ್ಲರೂ 71ಕ್ಕೆ ಮುಟ್ಟುತ್ತೇವೆ. ಇಂದು ಹೆಚ್ಚು ಕೊಟ್ಟ ಹುಡುಗಿ ನಾಳೆ ಕಡಿಮೆ ಕೊಡುತ್ತಾಳೆ. ಆದ್ದರಿಂದ ಇದನ್ನು ಪೂರ್ಣ ಅನ್ಯಾಯವೆಂದು ನಾವು ಹೇಳಲಾರೆವು.

ನ್ಯೂ ಜೆರ್ಸಿಯ ಮೊಮ್ಮಗಳ ವಿಷಯದಲ್ಲಿ ಹಿರಿಯರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಅಲ್ಲಿ 17ಕ್ಕೆ ದೊರೆಯುವುದು ಪೂರ್ಣ ಪರವಾನಿಗೆಯಲ್ಲ, ಪರೀಕ್ಷಾ ಕಾಲದ ಪರವಾನಿಗೆ. ರಾತ್ರಿ 11ರ ಬಳಿಕ ಬೆಳಗಿನ 5ರವರೆಗೆ ಆಕೆ ಕಾರು ಓಡಿಸುವಂತಿಲ್ಲ. ಹೆತ್ತವರು ಜೊತೆಗಿಲ್ಲದಾಗ ಒಬ್ಬರಿಗಿಂತ ಹೆಚ್ಚು ಗೆಳತಿಯರನ್ನು ಕೂರಿಸಿಕೊಳ್ಳುವಂತಿಲ್ಲ. ಹೊಸ ಚಾಲಕಿಯೆಂದು ತಿಳಿಯಲು ನಂಬರ್ ಪ್ಲೇಟಿಗೆ ಕೆಂಪು ಗುರುತು ಅಂಟಿಸಬೇಕೆಂಬ ನಿಯಮ 2010ರಿಂದ ಇದೆ. ಹೀಗೆ ಹಂತ ಹಂತವಾಗಿ ಪರವಾನಿಗೆ ಕೊಡುವ ಪದ್ಧತಿಯನ್ನು 1987ರಲ್ಲಿ ನ್ಯೂಜಿಲೆಂಡ್ ದೇಶ ಆರಂಭಿಸಿತು. ಬಳಿಕ ಅಮೆರಿಕದ ರಾಜ್ಯಗಳು ಅನುಸರಿಸಿದವು. ಕಂತಿನ ಭಾರ ಇಳಿಸುವ ದಾರಿಗಳೂ ಅಲ್ಲಿವೆ: ಮಗಳಿಗೆ ಬೇರೆ ಪಾಲಿಸಿ ಮಾಡಿಸುವ ಬದಲು ತಂದೆತಾಯಿಯ ಪಾಲಿಸಿಯಲ್ಲಿಯೇ ಸೇರಿಸುವುದು, ಶಾಲೆಯಲ್ಲಿ ಒಳ್ಳೆಯ ಅಂಕ ಪಡೆದವರಿಗಿರುವ ರಿಯಾಯಿತಿ ಕೇಳುವುದು, ಚಾಲನೆಯ ರೀತಿಯನ್ನು ದಾಖಲಿಸುವ ಸಾಧನಕ್ಕೆ ಒಪ್ಪುವುದು. ಆದರೆ ಮಗಳು ಓಡಿಸುವ ಕಾರನ್ನು ತಂದೆಯೊಬ್ಬರೇ ಓಡಿಸುವುದೆಂದು ಬರೆಸಿ ಹಣ ಉಳಿಸುವುದು ಸಲ್ಲದು. ಅದು ವಂಚನೆ, ಬೇಕಾದ ಹೊತ್ತಿಗೆ ವಿಮೆ ಕೈಕೊಡಲು ಅದೊಂದೇ ಸಾಕು.

ಇನ್ನು ನಮ್ಮ ದೇಶದ ಮಾತು. ಹಿರಿಯರು ಬರೆದದ್ದು ನಿಜ: ನಮ್ಮಲ್ಲಿ ಕಂತಿನ ಲೆಕ್ಕದಲ್ಲಿ ಎದ್ದು ಕಾಣುವುದು ಕಾರಿನ ವಯಸ್ಸು, ಚಾಲಕರದಲ್ಲ. ವಿಮೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ವಾಹನದಿಂದ ಅನ್ಯರಿಗಾದ ಹಾನಿಗೆ ಪರಿಹಾರ. 1988ರ ಮೋಟಾರು ವಾಹನ ಕಾಯ್ದೆಯಂತೆ ಇದು ಕಡ್ಡಾಯ. ಇದರ ದರವನ್ನು ಸರಕಾರವೇ ಗೊತ್ತುಪಡಿಸುತ್ತದೆ, ಅದೂ ಇಂಜಿನ್ನಿನ ಗಾತ್ರದ ಮೇಲೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿಯವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ ರೂ. 2,094, 1000ದಿಂದ 1500 ಸಿಸಿಯವರೆಗೆ ರೂ. 3,416, ಅದಕ್ಕೆ ಮೇಲ್ಪಟ್ಟು ರೂ. 7,897 ಎಂದಿತ್ತು. ಓಡಿಸುವವರು 20ರ ತರುಣರೋ 70ರ ವೃದ್ಧರೋ ಎಂಬ ಪ್ರಶ್ನೆಯೇ ಅಲ್ಲಿಲ್ಲ.

ಎರಡನೆಯದು ನಮ್ಮ ಸ್ವಂತ ಕಾರಿಗಾಗುವ ಹಾನಿಯ ವಿಮೆ. ಇಲ್ಲಿ ಕಾರಿನ ಬೆಲೆ ಮುಖ್ಯ. ಪಾಲಿಸಿಯಲ್ಲಿ ಕಾಣಿಸುವ ಮೌಲ್ಯವು ಕಾರು ಹಳೆಯದಾದಂತೆ ಇಳಿಯುತ್ತದೆ: ಒಂದು ವರ್ಷ ದಾಟಿದರೆ ನೂರಕ್ಕೆ 20, ಎರಡು ದಾಟಿದರೆ 30, ಮೂರಕ್ಕೆ 40, ನಾಲ್ಕಕ್ಕೆ 50ರಂತೆ ಕಳೆಯುವುದು ವಾಡಿಕೆ. ಕಾರು ನೋಂದಣಿಯಾದ ಊರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಂತಹ ಮಹಾನಗರಕ್ಕೆ ಒಂದು ದರ, ದಾವಣಗೆರೆ, ಧಾರವಾಡಗಳಿಗೆ ಇನ್ನೊಂದು. 2007ರಿಂದ ಈ ಭಾಗದ ದರಗಳು ಸಡಿಲವಾದ ಮೇಲೆ ಕಂಪನಿಗಳು ತಮ್ಮ ತಮ್ಮ ಲೆಕ್ಕ ಹಾಕಿಕೊಳ್ಳಬಹುದಾಗಿದೆ. ಓಡಿಸಿದಷ್ಟಕ್ಕೆ, ಓಡಿಸಿದ ರೀತಿಗೆ ತಕ್ಕಂತೆ ಕಂತು ಕಟ್ಟುವ ಸೌಲಭ್ಯಕ್ಕೂ 2022ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅನುಮತಿ ಕೊಟ್ಟಿದೆ.

ಹಾಗಾದರೆ ನಮ್ಮಲ್ಲಿ ಚಾಲಕರ ಗುಣಕ್ಕೆ ಬೆಲೆಯೇ ಇಲ್ಲವೇ? ಇದೆ. ಅದರ ಹೆಸರು ನೋ ಕ್ಲೇಮ್ ಬೋನಸ್. ಒಂದು ವರ್ಷ ಪರಿಹಾರ ಕೇಳದಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 20, ಸತತ ಎರಡು ವರ್ಷಕ್ಕೆ 25, ಬಳಿಕ 35, 45, ಐದು ವರ್ಷ ತುಂಬಿದರೆ 50ರಷ್ಟು ರಿಯಾಯಿತಿ. ಇದು ಕಾರಿನದಲ್ಲ, ಮಾಲೀಕರ ಗಳಿಕೆ. ಹಳೆಯ ಕಾರು ಮಾರಿ ಹೊಸದನ್ನು ಕೊಂಡಾಗ ಜೊತೆಗೆ ಒಯ್ಯಬಹುದು. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಮಾತ್ರ ಕೈತಪ್ಪುತ್ತದೆ. ವಯಸ್ಸಿನಿಂದಲ್ಲ, ನಡತೆಯಿಂದ ಅಳೆಯುವ ಈ ಕ್ರಮ ನಮಗೆ ಹಿಡಿಸುತ್ತದೆ.

ಇಷ್ಟು ಓದಿ, ನಮ್ಮ ದೇಶದಲ್ಲಿ ಚಾಲಕರ ವಯಸ್ಸಿಗೆ ಬೆಲೆ ತೆರಬೇಕಿಲ್ಲವೆಂದು ಯಾರಾದರೂ ಸಮಾಧಾನಪಟ್ಟರೆ ಅದು ದೊಡ್ಡ ತಪ್ಪು. ಅಮೆರಿಕದಲ್ಲಿ ವಯಸ್ಸಿನ ಬೆಲೆಯನ್ನು ಮೊದಲೇ, ಕಂತಿನಲ್ಲಿ ಕೇಳುತ್ತಾರೆ. ನಮ್ಮಲ್ಲಿ ಅದನ್ನು ಅಪಘಾತದ ಮರುದಿನ ಕೇಳುತ್ತಾರೆ. ಇಲ್ಲಿಂದ ನಾವು ಪತ್ರದ ಕೊನೆಯ ಸಾಲಿಗೆ ಬರುತ್ತೇವೆ.

ನಮಗೆ ತಿಳಿದ ಒಂದು ಮನೆತನದ ಸಂಗತಿಯಿದು. ಮರ್ಯಾದಸ್ಥರು, ಮನೆಯಲ್ಲಿ ನಿತ್ಯ ಲಿಂಗಪೂಜೆ, ಬಂದವರಿಗೆ ಪ್ರಸಾದ. ಹೊಸ ಮನೆಯ ಗೃಹಪ್ರವೇಶದ ದಿನ ಬಸ್ ನಿಲ್ದಾಣಕ್ಕೆ ಬಂದಿಳಿದ ಬೀಗರನ್ನು ಕರೆತರಲು ಯಾರೂ ಬಿಡುವಾಗಿರಲಿಲ್ಲ. “ಕಾಕಾ, ನಾ ಹೋಗಿ ಬರ್ತೀನಿ” ಎಂದ 17ರ ಹುಡುಗನಿಗೆ ಚಿಕ್ಕಪ್ಪ ಕೀಲಿಕೈ ಕೊಟ್ಟರು. “ಸಾವಕಾಶ ಹೋಗಪ್ಪ” ಎಂದೂ ಹೇಳಿದರು. ಹುಡುಗ ಅದಕ್ಕೆ ಮೊದಲು ಹತ್ತಾರು ಸಲ ಓಡಿಸಿದ್ದವನೇ. ಊರ ತಿರುವಿನಲ್ಲಿ ಸೈಕಲ್ಲಿನ ಮೇಲೆ ಬರುತ್ತಿದ್ದ ದರ್ಜಿಯೊಬ್ಬ ಕಾರಿಗೆ ಸಿಲುಕಿದ. ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು. ಆತನಿಗೆ 32 ವರ್ಷ. ಮನೆಯಲ್ಲಿ ಹೆಂಡತಿ, ಇಬ್ಬರು ಎಳೆಯ ಮಕ್ಕಳು.

ಕಾರಿಗೆ ವಿಮೆಯಿತ್ತು. ಕಂತು ತಪ್ಪಿರಲಿಲ್ಲ. ಆದರೆ ಪಾಲಿಸಿಯ ಕಾಗದದಲ್ಲಿ ಒಂದು ಷರತ್ತಿರುತ್ತದೆ: ಓಡಿಸುವವರ ಬಳಿ ಆ ಹೊತ್ತಿಗೆ ಊರ್ಜಿತವಾದ ಪರವಾನಿಗೆ ಇರಬೇಕು. ಕಾರಿನ ಪರವಾನಿಗೆಗೆ 18 ತುಂಬಿರಬೇಕೆಂದು ಕಾಯ್ದೆ ಹೇಳುತ್ತದೆ. 17ರ ಹುಡುಗನ ಕೈಗೆ ಕಾರು ಹೋದ ಕ್ಷಣದಲ್ಲಿ ಮಾಲೀಕರ ಪಾಲಿಗೆ ಆ ವಿಮೆ ಇದ್ದೂ ಇಲ್ಲದಂತಾಯಿತು.

ಹಾಗೆಂದು ದರ್ಜಿಯ ಸಂಸಾರವನ್ನು ನ್ಯಾಯ ಬೀದಿಗೆ ಬಿಡುವುದಿಲ್ಲ. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ವರ್ಣ ಸಿಂಗ್ ಮೊಕದ್ದಮೆಯಲ್ಲಿ ಹಾಕಿಕೊಟ್ಟ ದಾರಿಯಂತೆ, ಇಂತಹ ಪ್ರಸಂಗಗಳಲ್ಲಿ ವಿಮಾ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು, ಬಳಿಕ ಅದನ್ನು ವಾಹನದ ಮಾಲೀಕರಿಂದ ವಸೂಲು ಮಾಡಿಕೊಳ್ಳಬಹುದು. ಪರಿಹಾರದ ಲೆಕ್ಕವನ್ನೂ ಓದುಗರು ತಿಳಿದಿರುವುದು ಒಳಿತು. 2009ರ ಸರಳಾ ವರ್ಮಾ ತೀರ್ಪು ಸತ್ತವರ ವಯಸ್ಸಿಗೆ ತಕ್ಕ ಗುಣಕವನ್ನು ಗೊತ್ತುಪಡಿಸಿದೆ: 25ರವರೆಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, ಹೀಗೆ ಇಳಿಯುತ್ತ ಹೋಗುತ್ತದೆ. 2017ರ ಪ್ರಣಯ್ ಸೇಠಿ ತೀರ್ಪಿನಂತೆ, 40ರೊಳಗಿನ ಸ್ವಂತ ಉದ್ಯೋಗದವರ ಆದಾಯಕ್ಕೆ ಮುಂದಿನ ಏಳ್ಗೆಯೆಂದು ನೂರಕ್ಕೆ 40 ಕೂಡಿಸಬೇಕು. ದರ್ಜಿಯ ಗಳಿಕೆ ತಿಂಗಳಿಗೆ ರೂ. 15,000 ಎಂದಿಟ್ಟುಕೊಂಡರೆ ವರ್ಷಕ್ಕೆ ರೂ. 1,80,000. ಅದಕ್ಕೆ 40ರಷ್ಟು ಕೂಡಿಸಿದರೆ ರೂ. 2,52,000. ಅವಲಂಬಿತರು ಮೂವರಾದ್ದರಿಂದ ಆತನ ಸ್ವಂತ ಖರ್ಚೆಂದು ಮೂರರಲ್ಲಿ ಒಂದು ಪಾಲು ಕಳೆದರೆ ಉಳಿದದ್ದು ರೂ. 1,68,000. ಅದನ್ನು 16ರಿಂದ ಗುಣಿಸಿದರೆ ರೂ. 26,88,000. ಅಂತ್ಯಕ್ರಿಯೆ ಮೊದಲಾದ ಬಾಬುಗಳು ಬೇರೆ, ಬಡ್ಡಿ ಬೇರೆ.

ಚಾಲಕನ ವಯಸ್ಸನ್ನು ಕೇಳದ ನಮ್ಮ ಪದ್ಧತಿ ಸತ್ತವನ ವಯಸ್ಸನ್ನು ಎಷ್ಟು ಕರಾರುವಾಕ್ಕಾಗಿ ಎಣಿಸುತ್ತದೆ ನೋಡಿ. ಆ ಚಿಕ್ಕಪ್ಪನವರು ಊರ ಮಗ್ಗುಲಿನ ಹೊಲ ಮಾರಿದರು. ಹೊಲ ಹೋದದ್ದನ್ನು ಅವರು ಎಂದೂ ದೊಡ್ಡದಾಗಿ ಹೇಳಲಿಲ್ಲ. “ಆ ಹುಡುಗರು ಶಾಲೆಗೆ ಹೋಗುವಾಗ ನಮ್ಮ ಮನೆ ಮುಂದೆಯೇ ಹಾಯ್ದು ಹೋಗಬೇಕು” ಎಂದಷ್ಟೇ ನಮ್ಮೊಡನೆ ಒಮ್ಮೆ ಹೇಳಿದ್ದರು.

ಇದಿಷ್ಟೂ ಹಣದ ಮಾತು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ 199-ಎ ಕಲಮು ಇನ್ನೂ ಕಠಿಣವಾಗಿದೆ. ಅಪ್ರಾಪ್ತ ವಯಸ್ಕರು ವಾಹನದಿಂದ ಅಪರಾಧವೆಸಗಿದರೆ ಪಾಲಕರು ಅಥವಾ ಮಾಲೀಕರೇ ತಪ್ಪಿತಸ್ಥರು. ಮೂರು ವರ್ಷಗಳವರೆಗೆ ಸೆರೆವಾಸ, ರೂ. 25,000 ದಂಡ, ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಪರವಾನಿಗೆಯೂ ಸಿಗದು. “ನಮಗೆ ತಿಳಿಯದೆ ಒಯ್ದ” ಎಂದರೆ ಅದನ್ನು ಸಾಬೀತುಪಡಿಸುವ ಭಾರ ನಮ್ಮ ಮೇಲೆಯೇ. ನ್ಯಾಯಾಲಯವು ಮೊದಲು ನಮ್ಮ ಸಮ್ಮತಿಯಿತ್ತೆಂದೇ ಊಹಿಸುತ್ತದೆ. ಈ ತಿದ್ದುಪಡಿಗೆ ಮೊದಲೇ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆಯೊಂದರಲ್ಲಿ, ಹುಡುಗನು ತನ್ನನ್ನು ಕೇಳದೆ ಮೋಟಾರ್ ಸೈಕಲ್ ಒಯ್ದನೆಂಬ ಮಾಲೀಕರ ಮಾತು ನಿಲ್ಲಲಿಲ್ಲ. ಕೀಲಿಕೈಯನ್ನು ಜೋಪಾನವಾಗಿಡುವುದೂ ಮಾಲೀಕರ ಕರ್ತವ್ಯವೇ.

ಹಿರಿಯರ ವಿಷಯದಲ್ಲಿಯೂ ಇಂತಹದೇ ಒಂದು ಗುಂಡಿಯಿದೆ, ಅದು ಪರವಾನಿಗೆಯ ಕೊನೆಯ ದಿನಾಂಕ. ಈಗಿನ ನಿಯಮದಂತೆ 30ರೊಳಗೆ ಪಡೆದ ಪರವಾನಿಗೆ 40ರವರೆಗೆ ನಡೆಯುತ್ತದೆ. 30ರಿಂದ 50ರೊಳಗೆ ಪಡೆದದ್ದು 10 ವರ್ಷ, 50ರಿಂದ 55ರೊಳಗಿನದು 60 ತುಂಬುವವರೆಗೆ. 55ರ ಬಳಿಕ ಪ್ರತಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮೊದಲು ಅವಧಿ ಮುಗಿದ ಮೇಲೂ 30 ದಿನ ಊರ್ಜಿತವೆಂಬ ಸೌಲಭ್ಯವಿತ್ತು. 2019ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅದರ ಬದಲು, ಅವಧಿಗೆ ಒಂದು ವರ್ಷ ಮೊದಲೇ ಅರ್ಜಿ ಹಾಕಲು ಅವಕಾಶವಿದೆ. ಕಾರಿನ ವಿಮೆಯನ್ನು ಕಂಪನಿಯವರು ಫೋನು ಮಾಡಿ ನೆನಪಿಸುತ್ತಾರೆ, ಪರವಾನಿಗೆಯನ್ನು ನಾವೇ ನೆನಪಿಡಬೇಕು. ಅವಧಿ ಮುಗಿದ ಪರವಾನಿಗೆಯಿಂದ ಓಡಿಸಿದ 71ರ ಅಜ್ಜನೂ ಪರವಾನಿಗೆಯಿಲ್ಲದ 17ರ ಮೊಮ್ಮಗನೂ ವಿಮೆಯ ಕಣ್ಣಿಗೆ ಬಹಳ ಭಿನ್ನರಲ್ಲ. ಮಾಲೀಕ-ಚಾಲಕರಿಗಿರುವ ರೂ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಗೂ ಊರ್ಜಿತ ಪರವಾನಿಗೆಯೇ ಆಧಾರ.

ಆದ್ದರಿಂದ ದಾವಣಗೆರೆಯ ಹಿರಿಯರಿಗೆ ನಮ್ಮ ವಿನಯಪೂರ್ವಕವಾದ ಉತ್ತರ ಇಷ್ಟು. ತಮ್ಮ ಅಮೆರಿಕದ ಮಗ ಕಟ್ಟುತ್ತಿರುವ ಹೆಚ್ಚಿನ ಕಂತು ದಂಡವಲ್ಲ. ಮಗಳು ಕಲಿಯುವ ಕಾಲದ ಅಪಾಯವನ್ನು ಊರೆಲ್ಲ ಹಂಚಿಕೊಳ್ಳಲು ಆತ ಕೊಡುತ್ತಿರುವ ಪಾಲು. ಆಕೆಯ ತಪ್ಪಿನಿಂದ ಯಾರಿಗಾದರೂ ನೋವಾದರೆ, ಪಾಲಿಸಿಯ ಮಿತಿಯಷ್ಟಕ್ಕೆ ಹೊರಲು ಒಂದು ಹೆಗಲು ಸಿದ್ಧವಾಗಿದೆ. ಇಲ್ಲಿಯ ಮೊಮ್ಮಗನಿಗಾಗಿ ತಾವು ಒಂದು ರೂಪಾಯಿಯನ್ನೂ ಹೆಚ್ಚು ಕೊಟ್ಟಿಲ್ಲ. ಆದರೆ ಆತನ ಹಿಂದೆ ಯಾರ ಹೆಗಲೂ ಇಲ್ಲ, ತಮ್ಮದೊಂದನ್ನು ಬಿಟ್ಟು.

ಆತ ತಮಗಿಂತ ಚೆನ್ನಾಗಿ ಓಡಿಸುತ್ತಿರಬಹುದು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಗೃಹಪ್ರವೇಶದ ಮನೆಯ ಹುಡುಗನೂ ಚೆನ್ನಾಗಿಯೇ ಓಡಿಸುತ್ತಿದ್ದ. ಇಂದು ಸಂಜೆ ಆತನನ್ನು ಹತ್ತಿರ ಕೂರಿಸಿಕೊಂಡು, ಗದರದೆ, ಈ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿ. ದರ್ಜಿಯ ಮಕ್ಕಳ ಮಾತನ್ನೂ ಹೇಳಿ. 18 ತುಂಬಿದ ದಿನ ತಾವೇ ಆರ್‌ಟಿಓ ಕಚೇರಿಗೆ ಕರೆದೊಯ್ದು ಕಲಿಕಾ ಪರವಾನಿಗೆ ಮಾಡಿಸುವೆನೆಂದು ಮಾತು ಕೊಡಿ. ಅಲ್ಲಿಯವರೆಗೆ ಟ್ಯೂಷನ್ನಿಗೆ ತಾವೇ ಬಿಟ್ಟು ಬನ್ನಿ. ಅಜ್ಜ-ಮೊಮ್ಮಗ ಒಟ್ಟಿಗೆ ಕಳೆಯುವ ಅರ್ಧ ಗಂಟೆಯೂ ಒಂದು ಲಾಭವೇ. ಆದರೆ ಹೊರಡುವ ಮೊದಲು ತಮ್ಮ ಪರವಾನಿಗೆಯ ಮೇಲಿನ ದಿನಾಂಕವನ್ನು ದಯಮಾಡಿ ಒಮ್ಮೆ ನೋಡಿಕೊಳ್ಳಿ.

ಉಳಿದ ಓದುಗರಿಗೂ ನಮ್ಮ ಬಿನ್ನಹ ಇದೇ. ಮುಂದೆ ಮದುವೆ, ಜಾತ್ರೆಗಳ ಕಾಲ. ಗಡಿಬಿಡಿಯ ಮನೆಯಲ್ಲಿ “ನಾ ಹೋಗಿ ಬರ್ತೀನಿ” ಎನ್ನುವ ಹುಡುಗರು ಎಲ್ಲೆಲ್ಲಿಯೂ ಇರುತ್ತಾರೆ. ಬೀಗರು ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕಾಯ್ದರೆ ಮರ್ಯಾದೆಗೆ ಕುಂದಿಲ್ಲ. ಅವರಿಗೆ ಒಂದು ಆಟೋ ಮಾಡಿಕೊಂಡು ಬರಲು ಹೇಳಿ, ಕೀಲಿಕೈಯನ್ನು ಜಗಲಿಯ ಗೂಡಿನಿಂದ ತೆಗೆದು ಒಳಗಿನ ಟ್ರೆಜರಿಯಲ್ಲಿಡಿ.